ಅಕ್ಷರಕ್ಕೆ ಮುಂಚಿನ ಓದು

ಮಗು ಓದಲು ಕಲಿಯತೊಡಗುವುದು ಎಂದಿನಿಂದ? ಈ ಪ್ರಶ್ನೆಯನ್ನು ಯಾರನ್ನು ಕೇಳಿದರೂ ಉತ್ತರ ಸಿದ್ಧವಾಗಿಯೇ ಇರುವುದು. ವಿಜಯದಶಮಿಯಂದು ಹರಿವಾಣದಲ್ಲಿ ಅಕ್ಕಿ ಹರಡಿ, ಹಿರಿಯರು ಮಗುವಿನ ಬೆರಳನ್ನು ಹಿಡಿದು ಮೊದಲ ಅಕ್ಷರವನ್ನು ಬರೆಯಿಸಿದ ದಿನದಿಂದ ಎಂದು ಕೆಲವರು ಹೇಳುವರು. ಶಾಲೆಗೆ ಸೇರಿಸಿ ಅ, ಆ, ಇ, ಈ ತಿದ್ದಿಸಿದ ದಿನದಿಂದ ಎಂದು ಮತ್ತೆ ಕೆಲವರು. ಬಾಲವರ್ಗದ ಮಕ್ಕಳ ನಡುವೆ ದಿನ ಕಳೆಯುವ ನಮಗೆ ಈ ಎರಡು ಉತ್ತರಗಳೂ ಅರ್ಧ ಸತ್ಯವಾಗಿ ತೋರುತ್ತವೆ. ಒಂದು ಅಕ್ಷರವನ್ನೂ ಗುರುತಿಸಲಾರದ ಮಗುವೂ ಓದಿನ ಹಾದಿಯಲ್ಲಿ ಎಷ್ಟೋ ದೂರ ನಡೆದಿರುವುದುಂಟು. ನಲವತ್ತೊಂಬತ್ತು ಅಕ್ಷರಗಳನ್ನೂ ಗಿಳಿಯಂತೆ ಒಪ್ಪಿಸುವ ಮಗು ಇನ್ನೂ ಹೊಸ್ತಿಲನ್ನೇ ದಾಟದಿರುವುದೂ ಉಂಟು. ಇದೇನು ವಿಚಿತ್ರವೆಂದು ವಿದ್ಯಾರ್ಥಿ ಮಿತ್ರರು ಕೇಳಬಹುದು. ಅದನ್ನೇ ಇಲ್ಲಿ ಸ್ವಲ್ಪ ವಿಚಾರಮಾಡೋಣ.

ಈ ಸಂಚಿಕೆಯನ್ನು ನೀವು ಕೈಗೆತ್ತಿಕೊಂಡಾಗ ಅದನ್ನು ನೆಟ್ಟಗೆ ಹಿಡಿದಿರಿ. ಮುಖಪುಟ ಯಾವುದು, ಬೆನ್ನು ಯಾವುದು ಎಂದು ಯೋಚಿಸಲಿಲ್ಲ. ಪುಟದ ಮೇಲ್ತುದಿಯಿಂದ, ಎಡಗಡೆಯಿಂದ ಓದತೊಡಗಿದಿರಿ. ಸಾಲು ಮುಗಿದೊಡನೆ ಕಣ್ಣನ್ನು ಮತ್ತೆ ಎಡಕ್ಕೆ ಹೊರಳಿಸಿ ಕೆಳಗಿನ ಸಾಲಿಗೆ ಇಳಿದಿರಿ. ಎರಡು ಪದಗಳ ನಡುವಿನ ಬಿಳಿಯ ಜಾಗಕ್ಕೆ ಅರ್ಥವಿದೆಯೆಂದು ನಿಮಗೆ ಗೊತ್ತು. ಚಿತ್ರವಿದ್ದರೆ ಅದನ್ನು ನೋಡುವಿರಿ, ಅಕ್ಷರವಿದ್ದರೆ ಓದುವಿರಿ. ಇವೆಲ್ಲ ಉಸಿರಾಟದಷ್ಟು ಸಹಜವೆಂದು ನಾವು ಭಾವಿಸುತ್ತೇವೆ. ಆದರೆ ಇವುಗಳಲ್ಲಿ ಒಂದನ್ನೂ ಮನುಷ್ಯನು ಹುಟ್ಟುವಾಗ ತರುವುದಿಲ್ಲ. ನಮ್ಮ ಲೋಕಲ್ ಗಾಡಿ ಮುಂಬ್ರಾ ನಿಲ್ದಾಣವನ್ನು ದಾಟುವಾಗ ಹೊರಗೆ ನೋಡಿದರೆ ಉರ್ದು ಫಲಕಗಳು ಕಾಣುವುವು. ಅವುಗಳನ್ನು ಓದುವವರ ಕಣ್ಣು ಬಲದಿಂದ ಎಡಕ್ಕೆ ಹೋಗುತ್ತದೆ. ಚೀನ ದೇಶದ ಹಳೆಯ ಗ್ರಂಥಗಳ ಸಾಲುಗಳು ಮೇಲಿನಿಂದ ಕೆಳಕ್ಕೆ ಇಳಿಯುತ್ತವೆ. ಎಂದಮೇಲೆ ಎಡದಿಂದ ಬಲಕ್ಕೆ ಎಂಬುದು ಪ್ರಕೃತಿಯ ನಿಯಮವಲ್ಲ; ನಮ್ಮ ಲಿಪಿಯ ಪದ್ಧತಿ. ಪದ್ಧತಿಯನ್ನು ಯಾರಾದರೂ ಹೇಳಿಕೊಡಬೇಕು, ಇಲ್ಲವೇ ಮಗು ನೋಡಿ ನೋಡಿ ಕಲಿಯಬೇಕು.

ಈ ಸಂಗತಿಯನ್ನು ಶಾಸ್ತ್ರೀಯವಾಗಿ ಎತ್ತಿ ತೋರಿಸಿದವರಲ್ಲಿ ನ್ಯೂಜಿಲೆಂಡಿನ ಮೇರಿ ಕ್ಲೇ ಎಂಬ ವಿದುಷಿ ಮುಖ್ಯರು. ಅವರು ೧೯೨೬ರಲ್ಲಿ ಹುಟ್ಟಿ ೨೦೦೭ರಲ್ಲಿ ತೀರಿಕೊಂಡರು. ಶಾಲೆಗೆ ಆಗತಾನೆ ಸೇರಿದ ಐದು ವರ್ಷದ ಮಕ್ಕಳನ್ನು ಹತ್ತಿರ ಕುಳಿತು ಗಮನಿಸಿ ೧೯೬೬ರಲ್ಲಿ ಒಂದು ಪ್ರಬಂಧವನ್ನು ಸಿದ್ಧಪಡಿಸಿದರು. ಆಮೇಲೆ ೧೯೭೨ರಲ್ಲಿ 'ಸ್ಯಾಂಡ್' ಎಂಬ ಸಣ್ಣ ಪುಸ್ತಕವನ್ನೂ ೧೯೭೯ರಲ್ಲಿ 'ಸ್ಟೋನ್ಸ್' ಎಂಬ ಇನ್ನೊಂದನ್ನೂ ರಚಿಸಿದರು. ನೋಡಲು ಸಾಧಾರಣ ಕಥೆಪುಸ್ತಕಗಳೇ. ಆದರೆ ಒಳಗೆ ಬೇಕೆಂದೇ ಇಟ್ಟ ತೊಡಕುಗಳು. ಒಂದು ಪುಟದಲ್ಲಿ ಚಿತ್ರ ತಲೆಕೆಳಗು. ಇನ್ನೊಂದರಲ್ಲಿ ಸಾಲುಗಳ ಕ್ರಮ ಅದಲುಬದಲು. ಮತ್ತೊಂದರಲ್ಲಿ ಪದದೊಳಗಿನ ಅಕ್ಷರಗಳು ಸ್ಥಾನಪಲ್ಲಟ. ಶಿಕ್ಷಕರು ಪುಸ್ತಕವನ್ನು ಮಗುವಿಗೆ ಕೊಟ್ಟು, "ನಾನು ಓದಬೇಕು, ಎಲ್ಲಿಂದ ಆರಂಭಿಸಲಿ ತೋರಿಸು" ಎಂದು ಕೇಳುವರು. ಮಗುವಿನ ಬೆರಳು ಎಲ್ಲಿಗೆ ಹೋಗುತ್ತದೆ ಎಂಬುದೇ ಪರೀಕ್ಷೆ. ಇಲ್ಲಿ ಅಂಕಗಳಿಗಾಗಿ ಹೆದರಬೇಕಾಗಿಲ್ಲ. ಮಗುವಿಗೆ ಏನು ಗೊತ್ತಿದೆ, ಇನ್ನೇನನ್ನು ತೋರಿಸಿಕೊಡಬೇಕು ಎಂಬುದು ಶಿಕ್ಷಕರಿಗೆ ತಿಳಿಯುತ್ತದೆ, ಅಷ್ಟೆ.

ಈ ಕ್ರಮವನ್ನು ನಾವೂ ಅನುಸರಿಸಿ ನೋಡಿದೆವು. ದಪ್ಪ ಕಾಗದದ ಎಂಟು ಪುಟಗಳನ್ನು ದಾರದಿಂದ ಹೊಲಿದು, ಹಾಲು ಕುಡಿದ ಬೆಕ್ಕಿನ ಕಥೆಯೊಂದನ್ನು ಬರೆದು, ಚಿತ್ರ ಬಿಡಿಸಿ, ಒಂದು ಪುಟವನ್ನು ತಲೆಕೆಳಗಾಗಿ ಹೊಲಿದೆವು. "ಎಲ್ಲಿ ಓದಲಿ?" ಎಂದಾಗ ಹಲವು ಮಕ್ಕಳು ಬೆಕ್ಕಿನ ಮೂತಿಯ ಮೇಲೆ ಬೆರಳಿಟ್ಟರು. ಅವರ ದೃಷ್ಟಿಯಲ್ಲಿ ಕಥೆ ಇರುವುದು ಚಿತ್ರದಲ್ಲಿ. ಕೆಳಗಿನ ಕಪ್ಪು ಗುರುತುಗಳು ಏನೋ ಇರುವೆಗಳ ಸಾಲು. ಕೆಲವರು ಸಾಲಿನ ಕೊನೆಯ ಅಕ್ಷರವನ್ನು ಮುಟ್ಟಿದರು. ಒಬ್ಬಳು ಮಾತ್ರ ಮೊದಲ ಪದವನ್ನು ಮುಟ್ಟಿ, ಬೆರಳನ್ನು ಸಾಲಿನುದ್ದಕ್ಕೂ ಎಳೆದು, ಮರುಸಾಲಿಗೆ ಹಾರಿಸಿದಳು. ವಿಚಾರಿಸಲಾಗಿ, ಆಕೆಯ ಅಜ್ಜನು ದಿನವೂ ಆಕೆಯನ್ನು ತೊಡೆಯ ಮೇಲೆ ಕೂರಿಸಿಕೊಂಡು, ಬೆರಳಿಟ್ಟು ಗಟ್ಟಿಯಾಗಿ ಪತ್ರಿಕೆ ಓದುವ ಅಭ್ಯಾಸದವನೆಂದು ತಿಳಿಯಿತು. ಆಕೆಗೆ ಒಂದು ಅಕ್ಷರವೂ ಬಾರದು. ಆದರೂ ಆಕೆ ಓದಿನ ಹೊಸ್ತಿಲನ್ನು ದಾಟಿದ್ದಳು.

ಈಗ ನಮ್ಮ ಊರಿನ ಮಾತಿಗೆ ಬರೋಣ. ಊರಿನಲ್ಲಿ, ಅಂದರೆ ಕರ್ನಾಟಕದಲ್ಲಿ, ಬೆಳೆಯುವ ಮಗುವಿಗೆ ಬೀದಿಯೇ ಅರ್ಧ ಗುರು. ಬಸ್ಸಿನ ಹಣೆಯ ಮೇಲೆ ಕನ್ನಡ, ಅಂಗಡಿಯ ಫಲಕದಲ್ಲಿ ಕನ್ನಡ, ಮೈಲಿಗಲ್ಲಿನಲ್ಲಿ ಕನ್ನಡ. ಡೊಂಬಿವಲಿಯ ಕನ್ನಡ ಮಗುವಿಗೆ ಆ ಭಾಗ್ಯವಿಲ್ಲ. ೧೮೫೩ರಲ್ಲಿ ಬೋರಿಬಂದರದಿಂದ ಠಾಣೆಗೂ ಮರುವರ್ಷ ಕಲ್ಯಾಣಕ್ಕೂ ಉಗಿಬಂಡಿ ಬಂದ ದಾರಿಯಲ್ಲಿ ನಮ್ಮ ಊರಿದೆ. ಈ ದಾರಿಯ ನಿಲ್ದಾಣಗಳ ಹೆಸರು ಮರಾಠಿ, ಹಿಂದಿ, ಇಂಗ್ಲಿಷುಗಳಲ್ಲಿದೆ. ಅದು ನ್ಯಾಯವಾದುದೇ, ನಾವು ಅನ್ನ ಉಣ್ಣುತ್ತಿರುವ ನೆಲದ ಭಾಷೆಯನ್ನು ಗೌರವದಿಂದ ಕಲಿಯಬೇಕು. ಆದರೆ ಇದರ ಫಲವೇನೆಂದರೆ, ನಮ್ಮ ಮಗು ಶಾಲೆಗೆ ಬರುವ ಮುನ್ನ ದೇವನಾಗರಿಯನ್ನೂ ಇಂಗ್ಲಿಷ್ ಲಿಪಿಯನ್ನೂ ಸಾವಿರ ಸಲ ಕಂಡಿರುತ್ತದೆ. ಕನ್ನಡ ಲಿಪಿಯನ್ನು ಮಾತ್ರ ಒಂದು ಸಲವೂ ಕಾಣದಿರಬಹುದು.

ಎರಡು ಲಿಪಿಗಳಿಗೂ ಮೂಲ ಒಂದೇ, ಬ್ರಾಹ್ಮಿ. ಆದರೂ ಕಣ್ಣಿಗೆ ಅವು ಬೇರೆ ಬೇರೆ ಪಾಠ ಹೇಳುತ್ತವೆ. ನಮ್ಮ ನಿಲ್ದಾಣದ ಹೆಸರನ್ನೇ ನೋಡಿ. ದೇವನಾಗರಿಯಲ್ಲಿ ಪದದ ನೆತ್ತಿಯ ಮೇಲೆ ಒಂದೇ ಗೆರೆ ಉದ್ದಕ್ಕೂ ಹಾದಿರುತ್ತದೆ. ಆ ಗೆರೆ ಎಲ್ಲಿ ತುಂಡಾಯಿತೋ ಅಲ್ಲಿಗೆ ಪದ ಮುಗಿಯಿತೆಂದು ಮಗು ಸುಲಭವಾಗಿ ತಿಳಿಯಬಲ್ಲುದು. ಕನ್ನಡದಲ್ಲಿ ತಲೆಕಟ್ಟು ಅಕ್ಷರಕ್ಕೊಂದು. ಜ, ಟ, ಬ, ಲ ಮುಂತಾದವಕ್ಕೆ ಅದೂ ಇಲ್ಲ. ಇಲ್ಲಿ ಪದದ ಮೇರೆಯನ್ನು ತೋರಿಸುವುದು ನಡುವಿನ ಬಿಳಿಯ ಜಾಗವೊಂದೇ. 'ಡೊಂ' ಎಂಬಲ್ಲಿ ದೇವನಾಗರಿಯ ಅನುಸ್ವಾರ ಅಕ್ಷರದ ನೆತ್ತಿಯ ಮೇಲೆ ಚುಕ್ಕೆಯಾಗಿ ಕೂರುತ್ತದೆ. ನಮ್ಮದು ಅಕ್ಷರದ ಬಲಕ್ಕೆ ಸೊನ್ನೆಯಾಗಿ ನಿಲ್ಲುತ್ತದೆ. 'ಬಿ' ಎಂಬಲ್ಲಿ ದೇವನಾಗರಿಯ ಹ್ರಸ್ವ ಇಕಾರದ ಚಿಹ್ನೆ ವ್ಯಂಜನಕ್ಕಿಂತ ಮುಂಚೆ ಬರುತ್ತದೆ. ನಮ್ಮಲ್ಲಿ ಅದು ಅಕ್ಷರದ ನೆತ್ತಿಯಲ್ಲಿಯೇ ಬೆರೆತುಹೋಗುತ್ತದೆ. ಹ್ರಸ್ವ ಒಕಾರ, ದೀರ್ಘ ಓಕಾರ ಎಂಬ ಭೇದ ಮರಾಠಿಯ ಬರವಣಿಗೆಯಲ್ಲಿಲ್ಲ. ಕನ್ನಡದಲ್ಲಿ ಅದನ್ನು ಬಿಟ್ಟರೆ 'ಕೊಡು' 'ಕೋಡು' ಆದೀತು. 'ಕಲ್ಯಾಣ'ದ ಲಕಾರವು ದೇವನಾಗರಿಯಲ್ಲಿ ಅರ್ಧವಾಗಿ ಯಕಾರದ ಪಕ್ಕಕ್ಕೆ ಅಂಟುತ್ತದೆ; ಕನ್ನಡದಲ್ಲಿ ಯಕಾರವೇ ಒತ್ತಾಗಿ ಕೆಳಗಿಳಿಯುತ್ತದೆ. ಆದಕಾರಣ ಕನ್ನಡವನ್ನು ಓದುವ ಕಣ್ಣು ಎಡದಿಂದ ಬಲಕ್ಕೆ ಹೋದರೆ ಸಾಲದು, ಆಗಾಗ ಕೆಳಗೂ ಇಣುಕಬೇಕು. ಇದನ್ನು ಯಾರೂ ತೋರಿಸದಿದ್ದರೆ ಮಗು ತಬ್ಬಿಬ್ಬಾಗುವುದರಲ್ಲಿ ಆಶ್ಚರ್ಯವೇನು?

ಇನ್ನೊಂದು ಸಂಗತಿಯೂ ಇದೆ. ನಮ್ಮ ಶಾಲೆಯ ಮಕ್ಕಳೆಲ್ಲರ ಮನೆಮಾತು ಕನ್ನಡವಲ್ಲ. ಕರಾವಳಿಯಿಂದ ಬಂದ ಅನೇಕರ ಮನೆಯಲ್ಲಿ ತುಳು, ಕೆಲವರಲ್ಲಿ ಕೊಂಕಣಿ; ಬಾಗಿಲು ದಾಟಿದರೆ ಮರಾಠಿ. ನಮ್ಮ ಎಂಟು ಪುಟದ ಪುಸ್ತಕವನ್ನು ತೋರಿಸಿ "ಇದೇನು?" ಎಂದರೆ, ತುಳು ಮನೆಯ ಹುಡುಗ 'ಪುಚ್ಚೆ' ಎನ್ನುವನು, ನೆರೆಮನೆಯಲ್ಲಿ ಆಡಿ ಬೆಳೆದವಳು 'ಮಾಂಜರ' ಎನ್ನುವಳು, ಕಲಬುರಗಿಯ ಕಡೆಯವನು 'ಬೆಕ್ಕು' ಎನ್ನುವನು. ಮೂವರೂ ಸರಿಯೇ. ಚಿತ್ರ ಮೂರು ಹೆಸರುಗಳನ್ನೂ ಒಪ್ಪಿಕೊಳ್ಳುತ್ತದೆ. ಆದರೆ ಚಿತ್ರದ ಕೆಳಗೆ ಅಚ್ಚಾದುದು 'ಬೆಕ್ಕು' ಎಂಬುದೊಂದೇ. ಯಾರು ಓದಿದರೂ ಯಾವಾಗ ಓದಿದರೂ ಅದು ಬೇರೆಯಾಗದು. ಚಿತ್ರವನ್ನು ಹೇಗೆ ಬೇಕಾದರೂ ಹೇಳಬಹುದು, ಅಕ್ಷರವನ್ನು ಬರೆದಂತೆಯೇ ಹೇಳಬೇಕು ಎಂಬ ದೊಡ್ಡ ಸತ್ಯ ಅಂದು ನಮ್ಮ ಮಕ್ಕಳಿಗೆ ಈ ಮೂರು ಹೆಸರಿನ ಬೆಕ್ಕಿನಿಂದಲೇ ಹೊಳೆಯಿತು. ಹಲವು ಭಾಷೆಗಳ ನಡುವೆ ಬೆಳೆಯುವುದು ಮಕ್ಕಳಿಗೆ ಭಾರವೆಂದು ಮರುಗುವವರು ಇದನ್ನು ಗಮನಿಸಬೇಕು.

ಚಿಕ್ಕಮಕ್ಕಳ ಶಿಕ್ಷಣದ ವಿಷಯದಲ್ಲಿ ನಮ್ಮ ಠಾಣೆ ಜಿಲ್ಲೆಗೆ ಒಂದು ಹೆಮ್ಮೆಯ ಇತಿಹಾಸವೇ ಇದೆ. ತಾರಾಬಾಯಿ ಮೋಡಕ್ ಎಂಬವರು ಭಾವನಗರದಲ್ಲಿ ಗಿಜುಭಾಯಿ ಬಧೇಕಾ ಅವರೊಡನೆ ಕೆಲಸಮಾಡಿ, ಮಾಂಟೆಸರಿ ಪದ್ಧತಿಯನ್ನು ಅರಿತವರು. ಆ ಪದ್ಧತಿಯಲ್ಲಿ ಉಪ್ಪುಕಾಗದದಿಂದ ಕತ್ತರಿಸಿದ ಅಕ್ಷರಗಳ ಮೇಲೆ ಮಗು ಬೆರಳಾಡಿಸಿ, ರೂಪವನ್ನು ಕಣ್ಣಿಗಿಂತ ಮೊದಲು ಸ್ಪರ್ಶದಿಂದ ತಿಳಿಯುತ್ತದೆ. ನಮ್ಮ ಹಿರಿಯರು ಮರಳಿನ ಮೇಲೆ ಬೆರಳಿನಿಂದ ತಿದ್ದಿಸುತ್ತಿದ್ದುದರಲ್ಲಿಯೂ ಇದೇ ತತ್ತ್ವ ಅಡಗಿತ್ತು. ಆದರೆ ಮಾಂಟೆಸರಿಯ ಉಪಕರಣಗಳು ದುಬಾರಿ. ತಾರಾಬಾಯಿಯವರು ೧೯೪೫ರಲ್ಲಿ, ಆಗ ಠಾಣೆ ಜಿಲ್ಲೆಗೆ ಸೇರಿದ್ದ ಬೋರ್ಡಿ ಎಂಬ ಕಡಲತೀರದ ಹಳ್ಳಿಯಲ್ಲಿ ಬಾಲವಾಡಿಯನ್ನು ತೆರೆದರು. ಅನುತಾಯಿ ವಾಘ್ ಅವರ ಸಹಕಾರಿಯಾದರು. ೧೯೫೭ರಲ್ಲಿ ಆ ಕಾರ್ಯ ಹತ್ತಿರದ ಕೋಸಬಾಡಕ್ಕೆ, ಗಿರಿಜನರ ಮಕ್ಕಳ ನಡುವೆ, ಸ್ಥಳಾಂತರವಾಯಿತು. ಕೊಂಡು ತರುವ ಉಪಕರಣಗಳ ಬದಲು ಸುತ್ತಮುತ್ತ ಸಿಕ್ಕುವ ವಸ್ತುಗಳಿಂದಲೇ ಅಲ್ಲಿ ಪಾಠ ನಡೆಯಿತು. ಮಕ್ಕಳು ಶಾಲೆಗೆ ಬಾರದಿದ್ದರೆ ಶಾಲೆಯೇ ಅವರ ಅಂಗಳಕ್ಕೆ ಹೋಯಿತು. ತಾರಾಬಾಯಿಯವರಿಗೆ ೧೯೬೨ರಲ್ಲಿ ಪದ್ಮಭೂಷಣವೂ ಅನುತಾಯಿಯವರಿಗೆ ೧೯೮೫ರಲ್ಲಿ ಪದ್ಮಶ್ರೀಯೂ ದೊರೆತವು. ೨೦೧೪ರಿಂದ ಆ ಭಾಗ ಪಾಲಘರ ಜಿಲ್ಲೆಯಾಗಿದೆ. ಹಣವಿಲ್ಲದೆ ಮಕ್ಕಳಿಗೆ ಏನೂ ಕಲಿಸಲಾಗದು ಎನ್ನುವವರಿಗೆ ಈ ಇಬ್ಬರು ಮಹಿಳೆಯರ ಜೀವನವೇ ಉತ್ತರ.

ಅವರ ದಾರಿಯಲ್ಲಿಯೇ ನಾವೂ ಖರ್ಚಿಲ್ಲದ ಉಪಾಯಗಳನ್ನು ಹುಡುಕುತ್ತೇವೆ. ತರಗತಿಯಲ್ಲಿ ಬಾಗಿಲಿಗೆ 'ಬಾಗಿಲು' ಎಂದೂ ಕಿಟಕಿಗೆ 'ಕಿಟಕಿ' ಎಂದೂ ಮಡಕೆಗೆ 'ನೀರು' ಎಂದೂ ಚೀಟಿ ಅಂಟಿಸಿದ್ದೇವೆ. ಪ್ರತಿಯೊಂದು ಮಗುವಿಗೂ ತನ್ನ ಹೆಸರಿನ ಚೀಟಿಯುಂಟು; ಬಂದೊಡನೆ ಅದನ್ನು ಹುಡುಕಿ ಗೋಡೆಯ ಮೊಳೆಗೆ ತೂಗುಹಾಕುವುದೇ ಹಾಜರಿ. ಮಗು ಹೇಳಿದ ಮಾತನ್ನು ಅದರ ಕಣ್ಣೆದುರಿನಲ್ಲಿಯೇ ಹಲಗೆಯ ಮೇಲೆ ಬರೆದು, ಬೆರಳಿಟ್ಟು ಓದಿ ತೋರಿಸುತ್ತೇವೆ. ತನ್ನ ಬಾಯಿಂದ ಹೊರಟ ಮಾತು ಹಲಗೆಯ ಮೇಲೆ ನಿಂತಿರುವುದನ್ನು ಕಂಡಾಗ ಮಗುವಿನ ಮುಖದಲ್ಲಿ ಮೂಡುವ ಬೆರಗನ್ನು ನೋಡಿಯೇ ತಿಳಿಯಬೇಕು. ಪಠ್ಯಪುಸ್ತಕದಲ್ಲಿ ಒತ್ತಕ್ಷರಗಳು ಕೊನೆಯಲ್ಲಿ ಬರುತ್ತವೆ. 'ಗರಗಸ', 'ಕಮಲ' ಮೊದಲು. ಅದು ಕ್ರಮವೇ ಸರಿ. ಆದರೆ ಮಗುವಿನ ಹೃದಯಕ್ಕೆ ಮೊದಲು ಬೇಕಾದ ಪದಗಳು ಯಾವುವು? ಅಮ್ಮ, ಅಪ್ಪ, ಅಕ್ಕ, ಅಣ್ಣ, ಅಜ್ಜ, ಅಜ್ಜಿ. ಇವೆಲ್ಲವೂ ಒತ್ತಕ್ಷರದವೇ! ಆದ್ದರಿಂದ ಇವುಗಳನ್ನು ಬಿಡಿಸಿ ಹೇಳುವ ಗೊಡವೆಗೆ ಹೋಗದೆ, ಇಡಿಯ ಪದವಾಗಿ ಮೊದಲೇ ತೋರಿಸಿಬಿಡುತ್ತೇವೆ. ಪರಿಚಿತ ಮುಖವನ್ನು ಗುರುತಿಸುವಂತೆ ಮಗು ಅವನ್ನು ಗುರುತಿಸುತ್ತದೆ.

ಇದರಿಂದ ಆಗುವ ಲಾಭವೇನೆಂದು ಕೇಳುವವರಿಗಾಗಿ ಒಂದು ನಿದರ್ಶನ. ಕಲಬುರಗಿಯ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದ ಒಂದು ಕುಟುಂಬದ ಹುಡುಗನು ಬಾಲವರ್ಗಕ್ಕೆ ಸೇರಿ ತಿಂಗಳುಗಳಾದರೂ ಬಾಯಿ ಬಿಡಲಿಲ್ಲ. ಪುಸ್ತಕ ಕೊಟ್ಟರೆ ತಲೆಕೆಳಗಾಗಿ ಹಿಡಿಯುವನು, ಅಥವಾ ಮಡಿಸಿ ಕಂಕುಳಲ್ಲಿ ಇಟ್ಟುಕೊಳ್ಳುವನು. ಹುಡುಗ ದಡ್ಡನೆಂದು ನೆರೆಯವರು ತೀರ್ಪು ಕೊಟ್ಟಾಗಿತ್ತು. ಶಾಲೆ ಬಿಡಿಸುವ ಮಾತೂ ಮನೆಯಲ್ಲಿ ಬಂದಿತ್ತು. ನಾವು ಅವನ ತಾಯಿಯನ್ನು ಕರೆಯಿಸಿ ಮಾತಾಡಿದೆವು. ಆಕೆ ಸೆರಗಿನಲ್ಲಿ ಮುಖ ಒರೆಸಿಕೊಂಡು, "ಅಕ್ಕೋರ, ನಮಗ ಓದಾಕ ಬರೂದಿಲ್ರಿ. ನಾವು ಅವಗ ಏನ್ ಕಲಿಸೂಣು?" ಎಂದಳು. ಮನೆಯಲ್ಲಿ ಅಕ್ಷರವಿರುವ ಕಾಗದವೆಂದರೆ ಔಷಧಿಯ ಪೊಟ್ಟಣವೂ ವಿದ್ಯುತ್ತಿನ ಬಿಲ್ಲೂ ಮಾತ್ರ. ಹುಡುಗನಲ್ಲಿ ಬುದ್ಧಿಯ ಕೊರತೆಯೇನೂ ಇರಲಿಲ್ಲ. ಪುಸ್ತಕವೆಂದರೇನೆಂದು ಅವನಿಗೆ ಯಾರೂ ಪರಿಚಯ ಮಾಡಿಕೊಟ್ಟಿರಲಿಲ್ಲ, ಅಷ್ಟೆ.

"ನಿಮಗೆ ಓದು ಬಾರದಿದ್ದರೂ ಕಥೆ ಬರುತ್ತದಲ್ಲವೇ? ನೀವು ಕಥೆ ಹೇಳಿರಿ, ಮಗಳು ಬರೆದುಕೊಳ್ಳಲಿ" ಎಂದೆವು. ಆತನ ಅಕ್ಕ ನಮ್ಮ ಶಾಲೆಯ ಆರನೆಯ ತರಗತಿಯ ವಿದ್ಯಾರ್ಥಿನಿ. ರಾತ್ರಿ ರೊಟ್ಟಿ ಬಡಿಯುತ್ತ ತಾಯಿ ಹೇಳಿದ ನರಿಯ ಕಥೆಯನ್ನು ಆಕೆ ಹಳೆಯ ವಹಿಯ ಉಳಿದ ಹಾಳೆಗಳಲ್ಲಿ ದಪ್ಪಕ್ಷರದಲ್ಲಿ ಬರೆದಳು. ದಿನವೂ ಹತ್ತು ನಿಮಿಷ, ತಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಬೆರಳಿಟ್ಟು ಓದಿದಳು. ತಾಯಿ ಕೇಳಿಸಿಕೊಂಡು, ತಾನು ಹೇಳಿದ್ದು ಹಾಗೆಯೇ ಬಂದಿದೆಯೆಂದು ತಲೆದೂಗಿದಳು. ಎರಡು ತಿಂಗಳ ತರುವಾಯ ಆ ವಹಿಯನ್ನು ಹುಡುಗನೇ ತರಗತಿಗೆ ತಂದನು. ನಾವು ಎಲ್ಲರಿಗೂ ಅದನ್ನು ಓದಿ ಹೇಳುತ್ತ, ಪರೀಕ್ಷಿಸಬೇಕೆಂದು ಒಂದು ಸಾಲನ್ನು ಬಿಟ್ಟು ಮುಂದಕ್ಕೆ ಹೋದೆವು. ಅಂದಿನವರೆಗೆ ತುಟಿ ಬಿಚ್ಚದ ಹುಡುಗನು ಎದ್ದು ಬಂದು, ಬಿಟ್ಟ ಸಾಲಿನ ಮೇಲೆ ಬೆರಳಿಟ್ಟು, "ಅಕ್ಕೋರ, ಇದು ಉಳೀತು" ಎಂದನು. ಅವನಿಗೆ ಆಗ ಬರುತ್ತಿದ್ದುದು ನಾಲ್ಕೈದು ಅಕ್ಷರಗಳು. ಆದರೆ ಬರೆದ ಸಾಲಿನೊಳಗೆ ಮಾತು ಇದೆ, ಅದನ್ನು ಬಿಟ್ಟರೆ ಕಥೆ ಕುಂಟುತ್ತದೆ ಎಂಬುದು ಅವನಿಗೆ ಗೊತ್ತಾಗಿತ್ತು. ಉಳಿದ ಅಕ್ಷರಗಳು ಬರಲು ತಡವಾಗಲಿಲ್ಲ. ಶಾಲೆ ಬಿಡಿಸುವ ಮಾತು ಮತ್ತೆ ಏಳಲಿಲ್ಲ.

ಈ ಕೆಲಸವನ್ನು ಮಾಡಿದವರು ನಾವಲ್ಲ. ಹನ್ನೆರಡು ವರ್ಷದ ಒಬ್ಬ ಅಕ್ಕ. ವಿದ್ಯಾರ್ಥಿ ಮಿತ್ರರೇ, ಈ ಲೇಖನವನ್ನು ನಿಮಗಾಗಿ ಬರೆದುದರ ಉದ್ದೇಶವೂ ಇದೇ. ಮುಂಬಯಿ ಮತ್ತು ಸುತ್ತಲಿನ ನಗರಗಳಲ್ಲಿ ಕನ್ನಡ ಮಾಧ್ಯಮದಲ್ಲಿ ಕಲಿಯುವ ಮಕ್ಕಳ ಸಂಖ್ಯೆ ಇಳಿಯುತ್ತ ಬಂದಿರುವುದು ನಿಮಗೂ ತಿಳಿದ ಸಂಗತಿ. ನಿಮ್ಮಲ್ಲಿ ಅನೇಕರ ತಮ್ಮ ತಂಗಿಯರು ಇಂಗ್ಲಿಷ್ ಶಾಲೆಗೆ ಹೋಗುತ್ತಿರಬಹುದು. ಅದಕ್ಕಾಗಿ ತಂದೆತಾಯಿಯರನ್ನು ದೂರುವುದು ನಮ್ಮ ಕೆಲಸವಲ್ಲ. ಹೊಟ್ಟೆಪಾಡಿನ ಲೆಕ್ಕಾಚಾರ ಅವರವರಿಗೆ ಗೊತ್ತು. ಆದರೆ ಆ ಮಗುವಿನ ಕಣ್ಣಿಗೆ ಕನ್ನಡ ಬೀಳಬೇಕಾದರೆ ಅದು ಶಾಲೆಯಿಂದಲೂ ಆಗದು, ಬೀದಿಯಿಂದಲೂ ಆಗದು. ಮನೆಯಲ್ಲಿ ಕನ್ನಡ ಓದಬಲ್ಲವರು ನೀವು. ನಿಮ್ಮಿಂದ ಆಗದಿದ್ದರೆ ಊರಿನ ಅಜ್ಜಿಯ ಮನೆಯ ಗೋಡೆಯ ಮೇಲಿನ ಹೆಸರನ್ನು ಕೂಡ ಆ ಮಗು ನಾಳೆ ಇನ್ನೊಬ್ಬರಿಂದ ಓದಿಸಿಕೊಳ್ಳಬೇಕಾಗುವುದು.

ಮಾಡಬೇಕಾದುದು ಬಹಳವಿಲ್ಲ. ಓದುವಾಗ ಮಗುವಿಗೆ ಪುಟ ಕಾಣುವಂತೆ ಪಕ್ಕದಲ್ಲಿ ಕೂರಿಸಿಕೊಳ್ಳಿ. ಎದುರಿಗೆ ಕೂರಿಸಿದರೆ ಅದಕ್ಕೆ ಅಕ್ಷರಗಳು ತಲೆಕೆಳಗಾಗಿ ಕಾಣುವುವು. ಪುಟವನ್ನು ಅದರ ಕೈಯಿಂದಲೇ ತಿರುಗಿಸಿ. ಬೆರಳನ್ನು ಸಾಲಿನ ಕೆಳಗೆ ಓಡಿಸಿ, ಪದಗಳನ್ನು ಮುಚ್ಚಬೇಡಿ. ಒಂದೇ ಕಥೆಯನ್ನು ಹತ್ತು ಸಲ ಕೇಳಿದರೆ ಬೇಸರಪಡದೆ ಹತ್ತು ಸಲವೂ ಓದಿ. ಆ ಹತ್ತನೆಯ ಸಲವೇ ಮಗು ಚಿತ್ರವನ್ನು ಬಿಟ್ಟು ಸಾಲನ್ನು ನೋಡತೊಡಗುವುದು. ಊರಿನಿಂದ ಬಂದ ಲಗ್ನಪತ್ರಿಕೆ, ಯಕ್ಷಗಾನದ ಕರಪತ್ರ, ಗೋಡೆಯ ಕನ್ನಡ ಕ್ಯಾಲೆಂಡರು, ಇವು ಯಾವುವೂ ರದ್ದಿಯಲ್ಲ. ನಮ್ಮ ಮಕ್ಕಳಿಗೆ ಇವೇ ಬೀದಿಯ ಫಲಕಗಳು. ಲಗ್ನಪತ್ರಿಕೆಯಲ್ಲಿ ಅಜ್ಜನ ಹೆಸರು ಎಲ್ಲಿದೆಯೆಂದು ಹುಡುಕಿಸಿ. ತಪ್ಪು ತೋರಿಸಿದರೆ ಗದರಬೇಡಿ, ನಗಬೇಡಿ. "ಇದೋ ಇಲ್ಲಿ" ಎಂದು ಬೆರಳಿಟ್ಟರೆ ಸಾಕು.

ಮುಂದಿನ ಬೇಸಗೆಯ ರಜೆಯಲ್ಲಿ ನಿಮ್ಮಲ್ಲಿ ಹಲವರು ಕೊಂಕಣ ರೈಲಿನಲ್ಲಿ ಊರಿಗೆ ಹೋಗುವಿರಿ. ಗೋವೆಯನ್ನು ದಾಟಿ ಕಾರವಾರದ ಸೀಮೆಗೆ ಗಾಡಿ ಕಾಲಿಟ್ಟಾಗ ನಿಲ್ದಾಣದ ಹಳದಿ ಹಲಗೆಯ ಮೇಲೆ ಕನ್ನಡದ ದುಂಡಕ್ಷರಗಳು ಕಾಣಿಸಿಕೊಳ್ಳುವುವು. ಸೊಲ್ಲಾಪುರದ ದಾರಿಯಿಂದ ಹೋಗುವವರಿಗೂ ಗಡಿ ದಾಟಿದೊಡನೆ ಹಾಗೆಯೇ. ಆ ಹೊತ್ತಿನಲ್ಲಿ ತಮ್ಮನನ್ನೋ ತಂಗಿಯನ್ನೋ ಕಿಟಕಿಯ ಬಳಿ ಕೂರಿಸಿಕೊಳ್ಳಿ. ಏನನ್ನೂ ಹೇಳಿಕೊಡಬೇಡಿ. "ಇಲ್ಲಿಯ ಬರಹ ನಮ್ಮ ಪುಸ್ತಕದ ಹಾಗಿದೆ" ಎಂದು ಆ ಮಗು ತಾನಾಗಿಯೇ ಕೂಗಿದರೆ, ಅದಕ್ಕೆ ಇನ್ನೂ ಒಂದು ಅಕ್ಷರ ಬಾರದಿದ್ದರೂ ಚಿಂತೆಯಿಲ್ಲ. ಅದರ ಓದು ಆರಂಭವಾಗಿದೆಯೆಂದು ತಿಳಿಯಿರಿ.